ಮೂರು ಮಡಿಕೆಯ ಛತ್ರಿ: ಬಿಚ್ಚಿ, ಅಳೆದು, ಮತ್ತೆ ಕಟ್ಟೋಣ

ಮಳೆಗಾಲ ಮುಗಿಯುವ ಹೊತ್ತಿಗೆ ಬಾಗಿಲ ಹಿಂದೆ ಒಂದು ಮುರಿದ ಛತ್ರಿ ಇದ್ದೇ ಇರುತ್ತದೆ. ಬಟ್ಟೆ ಚೆನ್ನಾಗಿರುತ್ತದೆ. ಹಿಡಿ ಗಟ್ಟಿಯಾಗಿರುತ್ತದೆ. ಎಂಟು ಕಡ್ಡಿಗಳಲ್ಲಿ ಒಂದೇ ಒಂದು ಜೋತು ಬಿದ್ದಿರುತ್ತದೆ, ಅಷ್ಟೇ. ಅದನ್ನು ಕಸಕ್ಕೆ ಹಾಕಬೇಡಿ. ಈ ಬರಹಕ್ಕೆ ಬೇಕಾಗಿರುವುದು ಅದೇ ಛತ್ರಿ.

ನಮ್ಮೂರ ಬಸ್ ಸ್ಟ್ಯಾಂಡ್ ಪಕ್ಕ ಜೂನ್ ಬಂತೆಂದರೆ ಛತ್ರಿ ರಿಪೇರಿ ಮಾಡುವ ಅಜ್ಜ ಒಬ್ಬರು ಕೂರುತ್ತಿದ್ದರು. ಗೋಣಿಚೀಲದ ಮೇಲೆ ಹಳೆ ಕಡ್ಡಿಗಳ ರಾಶಿ, ಒಂದು ಇಕ್ಕಳ, ತಂತಿಯ ಸುರುಳಿ. ನಾನು ಹೊಸ ಛತ್ರಿ ಕೊಂಡ ಖುಷಿಯಲ್ಲಿ ತೋರಿಸಿದರೆ ಅವರು ಬಟ್ಟೆಯ ಕಡೆ ಕಣ್ಣೇ ಹಾಯಿಸಲಿಲ್ಲ. ಅರ್ಧ ತೆರೆದು, ಒಂದು ಕಡ್ಡಿಯ ತುದಿ ಹಿಡಿದು ಆಚೆ ಈಚೆ ಅಲ್ಲಾಡಿಸಿದರು. "ಕೀಲು ಸಡಿಲ ಐತಲ್ಲ ಮಗಾ" ಅಂದರು. ಒಂದೇ ಮಳೆಗಾಲದಲ್ಲಿ ಅವರ ಮಾತು ನಿಜವಾಯಿತು. ಆಮೇಲಿಂದ ನಾನು ಛತ್ರಿ ನೋಡುವ ರೀತಿಯೇ ಬದಲಾಯಿತು. ಮಡಚುವ ಛತ್ರಿ ಅಂದರೆ ಬಟ್ಟೆ ಹೊದಿಸಿದ ಕೀಲುಗಳ ಗುಂಪು. ಕೀಲು ಅರ್ಥವಾದರೆ ಛತ್ರಿಯನ್ನು ಆರಿಸಬಹುದು, ರಿಪೇರಿ ಮಾಡಬಹುದು, ಬೇಕಾದರೆ ಹೊಸದನ್ನೇ ವಿನ್ಯಾಸ ಮಾಡಬಹುದು.

ಇಲ್ಲಿ ಹೇಳುವುದು ಅಂಗಡಿಯಲ್ಲಿ ಜಾಸ್ತಿ ಸಿಗುವ ಮೂರು ಮಡಿಕೆಯ, ಎಂಟು ಕಡ್ಡಿಯ, ಕೈಯಿಂದ ತೆರೆಯುವ ಛತ್ರಿಯ ಬಗ್ಗೆ. ಕಡ್ಡಿಯ ಪೂರ್ತಿ ಉದ್ದ ಸುಮಾರು 54 ಸೆಂ.ಮೀ., ಅಂದರೆ 21 ಇಂಚು. ತೆರೆದರೆ ಅಡ್ಡಳತೆ 96 ಸೆಂ.ಮೀ. ಆಸುಪಾಸು, ಮಡಚಿದರೆ 24 ಸೆಂ.ಮೀ. ನಿಮ್ಮ ಛತ್ರಿಯ ಅಳತೆ ಬೇರೆ ಇದ್ದರೂ ಪರವಾಗಿಲ್ಲ, ಲೆಕ್ಕದ ದಾರಿ ಒಂದೇ.

ಮೇಜಿನ ಮೇಲೆ ಏನೇನು ಬೇಕು

ಚೂಪು ಮೂತಿಯ ಇಕ್ಕಳ, ಚಿಕ್ಕ ಕತ್ತರಿ, ಸೂಜಿ, ಗಟ್ಟಿ ನೈಲಾನ್ ದಾರ, ಸ್ಕೇಲು, ಕೋನಮಾಪಕ, ನಾಲ್ಕಾರು ಗ್ರಾಫ್ ಹಾಳೆ, ಎರಡು ಬಣ್ಣದ ಪೆನ್ನು. ದಪ್ಪ ರಟ್ಟು ಮತ್ತು ಡ್ರಾಯಿಂಗ್ ಪಿನ್. ಹೊಲಿಗೆ ಯಂತ್ರದ ಎಣ್ಣೆ. 1 ಮಿ.ಮೀ. ತಾಮ್ರದ ತಂತಿ ಒಂದು ಮಾರು. ತೀರಾ ಸಣ್ಣ ಅಳತೆ ತೆಗೆಯುವ ವರ್ನಿಯರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಸಣ್ಣ ತಂತಿಗಳು ಸಿಡಿಯುತ್ತವೆ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಬಟನ್ ಒತ್ತಿದರೆ ತೆರೆದು, ಮತ್ತೆ ಒತ್ತಿದರೆ ಮುಚ್ಚುವ ಛತ್ರಿಯ ಕೋಲನ್ನು ಮನೆಯಲ್ಲಿ ಬಿಚ್ಚಬೇಡಿ. ಅದರೊಳಗೆ ಉದ್ದನೆಯ ಸ್ಪ್ರಿಂಗ್ ಅದುಮಿ ಕೂತಿರುತ್ತದೆ. ಬಿಡುಗಡೆಯಾದರೆ ಕಣ್ಣಿಗೋ ಮುಖಕ್ಕೋ ಬಡಿಯುತ್ತದೆ. ಕಲಿಯಲು ಕೈಯಿಂದ ತೆರೆಯುವ ಛತ್ರಿಯೇ ಸರಿ.

ಹಂತ 1: ಬಿಚ್ಚುವ ಮೊದಲು ಹತ್ತು ಸಲ ತೆರೆಯಿರಿ

ನಿಧಾನವಾಗಿ ತೆರೆಯಿರಿ, ನಿಧಾನವಾಗಿ ಮುಚ್ಚಿ. ಕೋಲಿನ ಮೇಲೆ ಜಾರುವ ಒಂದು ಪ್ಲಾಸ್ಟಿಕ್ ತುಂಡಿದೆ, ಅದೇ ರನ್ನರ್. ಅದನ್ನು ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆ ತಳ್ಳಿ. ಶುರುವಿನಲ್ಲಿ ರನ್ನರ್ ಸ್ವಲ್ಪ ಸರಿದರೂ ಕಡ್ಡಿಗಳು ಗಬಕ್ಕನೆ ಅಗಲವಾಗುತ್ತವೆ. ಕೊನೆಯಲ್ಲಿ ರನ್ನರ್ ಎಷ್ಟೇ ಸರಿದರೂ ಕಡ್ಡಿ ಚೂರೇ ಚೂರು ಏಳುತ್ತದೆ, ಕೈಗೆ ಬಿಗಿ ಗೊತ್ತಾಗುತ್ತದೆ, ಆಮೇಲೆ ಟಕ್ ಅಂತ ಕೂರುತ್ತದೆ. ಈ ವ್ಯತ್ಯಾಸವನ್ನು ಬೆರಳಿನಲ್ಲಿ ನೆನಪಿಟ್ಟುಕೊಳ್ಳಿ. ಇದರ ಲೆಕ್ಕ ಮುಂದೆ ಬರುತ್ತದೆ.

ಈಗ ತೆರೆದ ಛತ್ರಿಯನ್ನು ತಲೆಕೆಳಗಾಗಿ ನೆಲದ ಮೇಲಿಡಿ. ಒಂದು ಕಡ್ಡಿಯನ್ನು ನೆತ್ತಿಯಿಂದ ತುದಿಯವರೆಗೆ ಬೆರಳಿನಿಂದ ಸವರಿಕೊಂಡು ಹೋಗಿ. ಎಷ್ಟು ಪಿನ್ ಸಿಕ್ಕಿತು, ಎಣಿಸಿ. ನನ್ನ ಮುಂದಿರುವ ಛತ್ರಿಯಲ್ಲಿ ಕಡ್ಡಿಗೆ 6. ಎಂಟು ಕಡ್ಡಿಗೆ 48. ಇಷ್ಟು ಚಿಕ್ಕ ವಸ್ತುವಿನಲ್ಲಿ 48 ಕೀಲು! ಮನೆಯ ಎಲ್ಲ ಬಾಗಿಲು ಕಿಟಕಿಗಳ ಕೀಲು ಸೇರಿಸಿದರೂ ಅಷ್ಟಾಗುವುದು ಕಷ್ಟ.

ಹಂತ 2: ಬಟ್ಟೆ ಬಿಡಿಸುವುದು

ಬಟ್ಟೆ ಮೂರು ಕಡೆ ಹಿಡಿದುಕೊಂಡಿರುತ್ತದೆ. ಕಡ್ಡಿಯ ತುದಿಯಲ್ಲಿ, ಕಡ್ಡಿಯ ಉದ್ದಕ್ಕೂ ಎರಡು ಮೂರು ದಾರದ ಗಂಟಿನಲ್ಲಿ, ಮತ್ತೆ ನೆತ್ತಿಯಲ್ಲಿ. ತುದಿಯ ಪ್ಲಾಸ್ಟಿಕ್ ಟೋಪಿಗಳನ್ನು ಹೊಲಿಗೆ ಕತ್ತರಿಸದೆ ಕಡ್ಡಿಯಿಂದ ಎಳೆದು ತೆಗೆಯಲು ನೋಡಿ. ಕೆಲವದರಲ್ಲಿ ಸುಲಭವಾಗಿ ಬರುತ್ತವೆ. ಉಳಿದ ಗಂಟುಗಳನ್ನು ಕತ್ತರಿಸಿ. ಕತ್ತರಿಸುವ ಮುಂಚೆ ಗಂಟು ಇದ್ದ ಜಾಗಕ್ಕೆ ಬಟ್ಟೆಯ ಮೇಲೂ ಕಡ್ಡಿಯ ಮೇಲೂ ಪೆನ್ನಿನಲ್ಲಿ ಒಂದೇ ನಂಬರು ಬರೆಯಿರಿ. ಇದನ್ನು ಬಿಟ್ಟರೆ ಮತ್ತೆ ಕಟ್ಟುವಾಗ ಪಶ್ಚಾತ್ತಾಪ ಪಡುತ್ತೀರಿ. ನೆತ್ತಿಯ ಟೋಪಿ ಸಾಮಾನ್ಯವಾಗಿ ತಿರುಗಿಸಿದರೆ ಬರುತ್ತದೆ. ಅಂಟು ಹಾಕಿದ್ದರೆ ಬಲವಂತ ಬೇಡ, ಬಟ್ಟೆಯನ್ನು ಅಲ್ಲೇ ಬಿಟ್ಟು ಮೇಲಕ್ಕೆ ಮಡಚಿಡಿ.

ಬಟ್ಟೆ ತೆಗೆದ ತಕ್ಷಣ ಕಡ್ಡಿಗಳು ನೇರವಾಗುವುದನ್ನು ಗಮನಿಸಿ. ತೆರೆದಾಗ ಕಾಣುವ ಆ ಚೆಂದದ ಬಾಗು ಕಡ್ಡಿಯದ್ದಲ್ಲ. ಬಟ್ಟೆ ಕಡ್ಡಿಯನ್ನು ಬಾಗಿಸುತ್ತದೆ, ಬಾಗಿದ ಕಡ್ಡಿ ಬಟ್ಟೆಯನ್ನು ಬಿಗಿಯುತ್ತದೆ. ಬಿಲ್ಲು ಮತ್ತು ಹೆದೆಯ ಸಂಬಂಧ ಇದೇ ಅಲ್ವಾ. ಬಟ್ಟೆ ಸಡಿಲಾದ ಛತ್ರಿ ಗಾಳಿಗೆ ಬೇಗ ಮುರಿಯುವುದು ಇದಕ್ಕೇ.

ಹಂತ 3: ಕೋಲು

ಕೋಲು ಅಂದರೆ ಒಂದರೊಳಗೊಂದು ಜಾರುವ ಮೂರು ಕೊಳವೆ. ಪೂರ್ತಿ ಎಳೆದಾಗ ಸಣ್ಣ ಸ್ಪ್ರಿಂಗ್ ನಾಲಿಗೆ ತೂತಿನಿಂದ ಹೊರಬಂದು ಹಿಡಿದುಕೊಳ್ಳುತ್ತದೆ. ಹಿಡಿ ತಿರುಗಿಸಿ ನೋಡಿ. ಕೊಳವೆ ದುಂಡಗಿದ್ದು ತಡೆ ಇಲ್ಲದಿದ್ದರೆ ಹಿಡಿ ಗರಗರ ತಿರುಗುತ್ತದೆ. ಅದಕ್ಕೇ ಕೊಳವೆಗೆ ಉದ್ದುದ್ದ ಗೀರು ಅಥವಾ ಆರು ಮೂಲೆ ಕೊಡುತ್ತಾರೆ. ಕೊಳವೆಗಳು ಒಂದರ ಮೇಲೊಂದು ಕೂತಿರುವ ಭಾಗ ಎಷ್ಟು ಉದ್ದ ಇದೆ ಅಂತ ಅಳೆಯಿರಿ. ಅದು ಕಡಿಮೆ ಇದ್ದಷ್ಟೂ ಕೋಲು ಲಟಲಟ ಅನ್ನುತ್ತದೆ. ಹೊಸದಾಗಿ ವಿನ್ಯಾಸ ಮಾಡುವವರು ಇಲ್ಲಿ 2 ಸೆಂ.ಮೀ.ಗಿಂತ ಕಡಿಮೆ ಇಡಬೇಡಿ ಅನ್ನುವುದು ನನ್ನ ಸಲಹೆ.

ಹೀಗೆ ಕೋಲನ್ನು ಕುಗ್ಗಿಸುವ ಜೇಬಿನ ಛತ್ರಿಯನ್ನು ಜರ್ಮನಿಯ ಹಾನ್ಸ್ ಹೌಪ್ಟ್ 1928ರಲ್ಲಿ ತಂದರು. ಯುದ್ಧದಲ್ಲಿ ಗಾಯಗೊಂಡು ಊರುಗೋಲು ಹಿಡಿದು ನಡೆಯುತ್ತಿದ್ದ ಅವರಿಗೆ ಉದ್ದನೆಯ ಛತ್ರಿಯನ್ನೂ ಹಿಡಿದುಕೊಳ್ಳುವುದು ಕಷ್ಟವಾಗಿತ್ತು. ಆ ಛತ್ರಿಯ ಹೆಸರು ಕ್ನಿರ್ಪ್ಸ್, ಪುಟಾಣಿ ಅನ್ನುವ ಅರ್ಥದ ಪದ. ಮರುವರ್ಷ, 1929ರಲ್ಲಿ, ವಿಯೆನ್ನಾದ ಶಿಲ್ಪಿ ಸ್ಲಾವಾ ಹೊರೊವಿಟ್ಸ್ ಕೂಡ ಮಡಚುವ ಛತ್ರಿಗೆ ಪೇಟೆಂಟ್ ಪಡೆದರು.

ಹಂತ 4: ಕಡ್ಡಿಯ ಅಡ್ಡಸೀಳು ನೋಡಿ

ಮುರಿದ ಕಡ್ಡಿಯ ತುದಿಯನ್ನು ಬೆಳಕಿಗೆ ಹಿಡಿಯಿರಿ. ಒಂದು ಕಡ್ಡಿ ಅಂದರೆ ಕೀಲಿನಿಂದ ಸೇರಿದ ಮೂರು ತುಂಡು. ನೆತ್ತಿಯ ಕಡೆಗಿರುವ ಒಳಗಿನ ತುಂಡುಗಳು ತಂತಿಯಲ್ಲ, ಪಟ್ಟಿಯೂ ಅಲ್ಲ. ತಗಡನ್ನು ಮಡಚಿ ಮಾಡಿದ ಪುಟ್ಟ ದೋಣಿಯ ಹಾಗಿರುತ್ತವೆ. ಯಾಕೆ ಹೀಗೆ ಅಂತ ಈಗಲೇ ಪರೀಕ್ಷೆ ಮಾಡಬಹುದು. 2 ಸೆಂ.ಮೀ. ಅಗಲದ ಕಾಗದದ ಪಟ್ಟಿ ಕತ್ತರಿಸಿ ಒಂದು ತುದಿ ಹಿಡಿಯಿರಿ. ಇನ್ನೊಂದು ತುದಿ ಜೋತು ಬೀಳುತ್ತದೆ. ಅದೇ ಪಟ್ಟಿಯ ಎರಡೂ ಅಂಚನ್ನು ಉದ್ದಕ್ಕೆ ಮಡಚಿ ದೋಣಿ ಮಾಡಿ. ಈಗ ನೆಟ್ಟಗೆ ನಿಲ್ಲುತ್ತದೆ. ಕಾಗದ ಅಷ್ಟೇ, ತೂಕ ಅಷ್ಟೇ. ಬಾಗುವ ದಿಕ್ಕಿನಲ್ಲಿ ಎತ್ತರ ಸಿಕ್ಕಿತು, ಅದೇ ಗುಟ್ಟು. ಒಂದು ಪಟ್ಟಿಯ ಎತ್ತರ ಇಮ್ಮಡಿಯಾದರೆ ಅದರ ಬಿಗಿ 8 ಪಟ್ಟು ಆಗುತ್ತದೆ.

ಇಂಗ್ಲೆಂಡಿನ ಸ್ಯಾಮ್ಯುಯಲ್ ಫಾಕ್ಸ್ 1852ರಲ್ಲಿ ಈ ದೋಣಿ ಆಕಾರದ ಉಕ್ಕಿನ ಕಡ್ಡಿ ತಂದರು. ಅದಕ್ಕೆ ಮುಂಚೆ ಬೆತ್ತ, ಇಲ್ಲವೇ ತಿಮಿಂಗಿಲದ ಬಾಯೊಳಗಿನ ಜಾಲರಿ ಪಟ್ಟಿ ಬಳಸುತ್ತಿದ್ದರು. ಮಡಚುವ ಛತ್ರಿಗೆ ಈ ಆಕಾರದಿಂದ ಇನ್ನೊಂದು ಲಾಭವೂ ಆಯಿತು. ಮುಚ್ಚಿದಾಗ ಒಂದು ಕಡ್ಡಿ ಇನ್ನೊಂದರ ಹೊಟ್ಟೆಯೊಳಗೆ ಕೂರುತ್ತದೆ. ಹಾಗೆ ಕೂರದಿದ್ದರೆ ಎಂಟು ಕಡ್ಡಿ, ಮೂರು ಮಡಿಕೆ ಸೇರಿ ಛತ್ರಿ ತೋಳಿನಷ್ಟು ದಪ್ಪ ಆಗುತ್ತಿತ್ತು.

ಈಗ ಮುರಿದ ಜಾಗ ನೋಡಿ. ನೂರಕ್ಕೆ ತೊಂಬತ್ತು ಸಲ ಅಂತ ಲೆಕ್ಕ ಕೊಡಲಾರೆ, ಆದರೆ ನಾನು ಬಿಚ್ಚಿದ ಛತ್ರಿಗಳಲ್ಲಿ ಬಹುಪಾಲು ಮುರಿದಿದ್ದು ರಿವೆಟ್, ಅಂದರೆ ಕೀಲಿನ ಪಿನ್, ಕೂರುವ ತೂತಿನಲ್ಲೇ. ಕಾರಣ ಎರಡು. ತೂತು ಕೊರೆದಾಗ ಅಲ್ಲಿ ಲೋಹ ಕಡಿಮೆಯಾಗುತ್ತದೆ. ಜೊತೆಗೆ ರನ್ನರಿನಿಂದ ಹೊರಟು ಕಡ್ಡಿಯನ್ನು ಎತ್ತಿ ಹಿಡಿಯುವ ಆಸರೆ ಕಡ್ಡಿ ಬಂದು ಸೇರುವ ಆ ಜಾಗದಲ್ಲೇ ಗಾಳಿಯ ಬಾಗಿಸುವ ಬಲ ಜಾಸ್ತಿ. ಎರಡು ಕೆಡುಕು ಒಂದೇ ಕಡೆ. ಒಳ್ಳೆಯ ಛತ್ರಿಯಲ್ಲಿ ಆ ತೂತಿನ ಸುತ್ತ ಎರಡನೇ ತಗಡು ಸುತ್ತಿ ಬಿಗಿದಿರುತ್ತಾರೆ. ಅಂಗಡಿಯಲ್ಲಿ ಮೊದಲು ಅದನ್ನೇ ಹುಡುಕಿ.

ಲೋಹದ ಬಗ್ಗೆ ಎರಡು ಮಾತು ಸಾಕು. ಉಕ್ಕು ಗಟ್ಟಿ, ತೂಕ, ತುಕ್ಕು. ಅಲ್ಯೂಮಿನಿಯಂ ಹಗುರ, ಆದರೆ ಒಮ್ಮೆ ಮಡಚಿಕೊಂಡರೆ ನೆಟ್ಟಗೆ ಮಾಡುವಾಗ ತುಂಡಾಗುತ್ತದೆ. ಫೈಬರ್‌ಗ್ಲಾಸ್ ತುಂಬಾ ಬಾಗಿ ಮತ್ತೆ ಮೊದಲಿನಂತೆ ನೇರವಾಗುತ್ತದೆ. ಒಳಗಿನ ತುಂಡುಗಳು ಲೋಹ, ಹೊರಗಿನ ತುಂಡು ಫೈಬರ್‌ಗ್ಲಾಸ್ ಇರುವ ಛತ್ರಿ ನನ್ನ ಕಣ್ಣಿಗೆ ಜಾಣ ಆಯ್ಕೆ.

ಹಂತ 5: ಚುಕ್ಕಿ ಹಾಕಿ ನಕ್ಷೆ ಮಾಡಿ

ಇಡೀ ಕೆಲಸದ ಜೀವ ಇಲ್ಲಿದೆ. ಅವಸರ ಬೇಡ.

ಗ್ರಾಫ್ ಹಾಳೆಗಳನ್ನು ಅಂಟಿಸಿ ದೊಡ್ಡದು ಮಾಡಿ. ಛತ್ರಿಯ ಚೌಕಟ್ಟನ್ನು ಅದರ ಮೇಲೆ ಮಲಗಿಸಿ, ಒಂದೇ ಒಂದು ಕಡ್ಡಿ ಹಾಳೆಗೆ ತಾಗಿಕೊಂಡು ಇರಲಿ. ಉಳಿದ ಏಳು ಅಡ್ಡ ಬರದಂತೆ ಪಕ್ಕಕ್ಕೆ ಸರಿಸಿ. ಮುಚ್ಚಿದ ಸ್ಥಿತಿಯಲ್ಲಿ ಪ್ರತಿ ಪಿನ್ ಕೆಳಗೆ ಚುಕ್ಕಿ ಹಾಕಿ. ನೆತ್ತಿಯ ಪಿನ್ನಿಗೆ 'ನೆ', ರನ್ನರ್ ಪಿನ್ನಿಗೆ 'ರ', ಉಳಿದವಕ್ಕೆ 1, 2, 3 ಅಂತ ಹೆಸರಿಡಿ. ನೆತ್ತಿಯನ್ನು ಅಲ್ಲಾಡಿಸದೆ ರನ್ನರನ್ನು 2 ಸೆಂ.ಮೀ. ಮೇಲೆ ತಳ್ಳಿ. ಬೇರೆ ಬಣ್ಣದಲ್ಲಿ ಮತ್ತೆ ಚುಕ್ಕಿ. ಹೀಗೆ ಪೂರ್ತಿ ತೆರೆಯುವ ತನಕ.

ಕೊನೆಗೆ ಒಂದೇ ತುಂಡಿನ ಮೇಲಿರುವ ಪಿನ್‌ಗಳನ್ನು ಗೆರೆಯಿಂದ ಸೇರಿಸಿ. ಎಲ್ಲ ಸ್ಥಿತಿಯಲ್ಲೂ ಆ ಗೆರೆಯ ಉದ್ದ ಒಂದೇ ಬರಬೇಕು. ಬರಲಿಲ್ಲ ಅಂದರೆ ಚುಕ್ಕಿ ತಪ್ಪಿದೆ, ಇಲ್ಲ ಕೀಲು ಸವೆದಿದೆ.

ನಕ್ಷೆಯಲ್ಲಿ ಎರಡು ಸಂಗತಿ ಕಾಣುತ್ತವೆ. ಒಳಗೆ ನೆತ್ತಿ, ರನ್ನರ್ ಮತ್ತು ಆಸರೆ ಕಡ್ಡಿ ಕೂಡುವ ಪಿನ್ ಸೇರಿ ಒಂದು ತ್ರಿಕೋನ. ಆಚೆ ಕಡೆಗೆ ಅಕ್ಕಪಕ್ಕ ಓಡುವ ಜೋಡಿ ತುಂಡುಗಳು, ನಾಲ್ಕು ಪಿನ್‌ಗಳ ಒಂದು ಓರೆ ಚೌಕ. ತ್ರಿಕೋನ ತೆರೆದರೆ ಚೌಕ ವಾಲುತ್ತದೆ, ಚೌಕ ವಾಲಿದರೆ ಮುಂದಿನ ತುಂಡು ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೊನೆಯ ತುಂಡನ್ನು ಹತ್ತಿರದಿಂದ ನೋಡಿ. ಅದರ ಕೀಲಿನ ಹಿಂದೆ ಒಂದು ಸೆಂಟಿಮೀಟರಿನಷ್ಟು ಬಾಲ ಉಳಿದಿರುತ್ತದೆ. ಆ ಬಾಲಕ್ಕೆ ತೆಳ್ಳಗಿನ ತಂತಿ ಸಿಕ್ಕಿಸಿರುತ್ತದೆ. ಒಳಗಿನ ಕೀಲು ಅಲ್ಲಾಡಿದಾಗ ತಂತಿ ಬಾಲವನ್ನು ಎಳೆಯುತ್ತದೆ ಅಥವಾ ತಳ್ಳುತ್ತದೆ, ತುದಿ ತಿರುಗುತ್ತದೆ. ಜೋತು ಬಿದ್ದ ಕಡ್ಡಿಯಲ್ಲಿ ಎಷ್ಟೋ ಸಲ ತಪ್ಪಿರುವುದು ಈ ತಂತಿಯೊಂದೇ. ಇಕ್ಕಳದಲ್ಲಿ ಕೊಕ್ಕೆ ಮಾಡಿ ಮತ್ತೆ ಸಿಕ್ಕಿಸಿದರೆ ಛತ್ರಿ ಸರಿಯಾಯಿತು!

ಹಂತ 6: ರಟ್ಟಿನ ತ್ರಿಕೋನ

ಈಗ ಲೆಕ್ಕ. ಹೆದರಬೇಡಿ, ರಟ್ಟು ಮತ್ತು ಕೋನಮಾಪಕ ಸಾಕು.

ಹಾಳೆಯ ಮೇಲೆ ಒಂದು ನೆಟ್ಟನೆ ಗೆರೆ ಎಳೆಯಿರಿ, ಅದು ಕೋಲು. ಮೇಲ್ತುದಿಯಲ್ಲಿ ಪಿನ್ ಚುಚ್ಚಿ, ಅದು ನೆತ್ತಿ. 20 ಸೆಂ.ಮೀ. ಉದ್ದದ ರಟ್ಟಿನ ಪಟ್ಟಿಯ ಒಂದು ತುದಿಯನ್ನು ಆ ಪಿನ್ನಿಗೆ ಸಿಕ್ಕಿಸಿ. ಪಿನ್ನಿನಿಂದ 9 ಸೆಂ.ಮೀ. ದೂರದಲ್ಲಿ ತೂತು ಮಾಡಿ. ಇನ್ನೊಂದು ಪಟ್ಟಿಗೆ 10 ಸೆಂ.ಮೀ. ಅಂತರದಲ್ಲಿ ಎರಡು ತೂತು, ಅದು ಆಸರೆ ಕಡ್ಡಿ. ಒಂದು ತೂತನ್ನು ಕಡ್ಡಿಯ ತೂತಿಗೆ ಸೇರಿಸಿ, ಇನ್ನೊಂದನ್ನು ಕೋಲಿನ ಗೆರೆಯ ಮೇಲೆ ಜಾರಿಸಿ. ಅದು ರನ್ನರ್.

ಪೂರ್ತಿ ಮುಚ್ಚಿದಾಗ ರನ್ನರ್ ನೆತ್ತಿಯಿಂದ 9 ಕೂಡಿಸು 10, ಅಂದರೆ 19 ಸೆಂ.ಮೀ. ಕೆಳಗೆ. ಈಗ ರನ್ನರನ್ನು ಒಂದೇ ಸೆಂಟಿಮೀಟರ್ ಮೇಲೆ ತನ್ನಿ. ಕಡ್ಡಿ ಕೋಲಿನಿಂದ ಸುಮಾರು 20 ಡಿಗ್ರಿ ದೂರ ಹೋಗುತ್ತದೆ. ಹಾಗೇ ಮುಂದುವರಿಸಿ. ರನ್ನರ್ 6 ಸೆಂ.ಮೀ.ಗೆ ಬಂದಾಗ ಕೋನ 81 ಡಿಗ್ರಿ, 5ಕ್ಕೆ ಬಂದಾಗ 86. ಮೊದಲ ಸೆಂಟಿಮೀಟರಿಗೆ 20 ಡಿಗ್ರಿ, ಕೊನೆಯದಕ್ಕೆ ಬರೀ 5. ಮೊದಲ ಹಂತದಲ್ಲಿ ಬೆರಳಿಗೆ ಗೊತ್ತಾಗಿದ್ದು ಇದೇ. ಗೇರ್ ಇರುವ ಸೈಕಲ್ಲಿನಲ್ಲಿ ಏರು ಹತ್ತುವಾಗ ಗೇರ್ ಇಳಿಸುತ್ತೇವಲ್ಲ, ಹಾಗೆ. ಬಟ್ಟೆ ಬಿಗಿಯಬೇಕಾದ ಹೊತ್ತಿಗೆ ಸರಿಯಾಗಿ ನಿಮ್ಮ ಹೆಬ್ಬೆರಳಿನ ಬಲ ಹೆಚ್ಚಾಗಿ ಸಿಗುತ್ತದೆ. ಇದಕ್ಕೆ ಬೇರೆ ಯಂತ್ರ ಏನೂ ಇಲ್ಲ, ತ್ರಿಕೋನ ಒಂದೇ.

ಈಗ ಆಸರೆ ಕಡ್ಡಿಯ ತೂತನ್ನು ಬದಲಾಯಿಸಿ. 10ರ ಬದಲು 11 ಸೆಂ.ಮೀ. ಇಡಿ, ರನ್ನರ್ ಅದೇ 5ರಲ್ಲಿ ನಿಲ್ಲಲಿ. ಕೋನ ಸುಮಾರು 100 ಡಿಗ್ರಿ! ಕಡ್ಡಿ ಆಕಾಶ ನೋಡುತ್ತದೆ. 9 ಇಟ್ಟರೆ 74 ಡಿಗ್ರಿ, ಛತ್ರಿ ತಲೆಯ ಮೇಲೆ ಮಂಕರಿ ಕವುಚಿದ ಹಾಗೆ. ಒಂದು ಸೆಂಟಿಮೀಟರಿಗೆ 12-13 ಡಿಗ್ರಿ ವ್ಯತ್ಯಾಸ ಅಂದರೆ ಒಂದು ಮಿಲಿಮೀಟರಿಗೆ ಒಂದು ಡಿಗ್ರಿಗಿಂತ ಜಾಸ್ತಿ. ಕಡ್ಡಿಯ ತುದಿಯಲ್ಲಿ ಅದು ಒಂದು ಸೆಂಟಿಮೀಟರ್ ಏರಿಳಿತ. ಎಂಟರಲ್ಲಿ ಒಂದು ಕಡ್ಡಿಯ ತೂತು 1 ಮಿ.ಮೀ. ತಪ್ಪಾದರೂ ಬಟ್ಟೆಯಲ್ಲಿ ಸುಕ್ಕು ಕಾಣುವುದು ಇದರಿಂದ. ರಿಪೇರಿ ಮಾಡುವಾಗ ತೂತಿನ ಜಾಗವನ್ನು ಕಣ್ಣಂದಾಜಿನಲ್ಲಿ ಹಾಕಬಾರದು ಅನ್ನುವುದಕ್ಕೂ ಇದೇ ಕಾರಣ.

ತ್ರಿಕೋನ ಗೊತ್ತಾದ ಮೇಲೆ ಐದನೇ ಹಂತದ ನಕ್ಷೆ ನೋಡಿ ಉಳಿದ ತುಂಡುಗಳನ್ನೂ ರಟ್ಟಿನಲ್ಲಿ ಕತ್ತರಿಸಿ ಜೋಡಿಸಿ. ಕೊನೆಯ ತುಂಡಿನ ಬಾಲದಲ್ಲಿ 5 ಮಿ.ಮೀ. ಅಂತರಕ್ಕೆ ಮೂರು ತೂತು ಮಾಡಿ, ಒಂದೊಂದನ್ನೇ ಹಾಕಿ ನೋಡಿ. ಬಾಲ ಚಿಕ್ಕದಾದರೆ ತುದಿ ಜಾಸ್ತಿ ತಿರುಗುತ್ತದೆ, ದೊಡ್ಡದಾದರೆ ಪೂರ್ತಿ ಬಿಚ್ಚಿಕೊಳ್ಳುವುದೇ ಇಲ್ಲ. ಮಕ್ಕಳ ಜೊತೆ ಕೂತು ಮಾಡಿದರೆ ಒಂದು ಸಂಜೆ ಹೋಗಿದ್ದೇ ಗೊತ್ತಾಗುವುದಿಲ್ಲ.

ಹಂತ 7: ಎಷ್ಟು ಮಡಿಕೆ?

ಹೊಸ ಅಳತೆ ನಿರ್ಧರಿಸುವಾಗ ಮುಚ್ಚಿದ ಉದ್ದದಿಂದ ಶುರು ಮಾಡಿ. 24 ಸೆಂ.ಮೀ. ಬೇಕೆಂದರೆ ಹಿಡಿ ಮತ್ತು ನೆತ್ತಿಗೆ 5-6 ಹೋಯಿತು. ಉಳಿದದ್ದು 18. ಕಡ್ಡಿ 54 ಇರಬೇಕೆಂದರೆ ಮೂರು ತುಂಡು. ಇನ್ನೂ ಚಿಕ್ಕದು ಬೇಕು ಅಂತ ಐದು ಮಡಿಕೆ ಮಾಡಿದರೆ ಪ್ರತಿ ಕಡ್ಡಿಗೂ ಕೀಲು ಸೇರುತ್ತದೆ. ಕೀಲಿನ ಬೆಲೆ ಏನು? ಪಿನ್ ಮತ್ತು ತೂತಿನ ನಡುವೆ 0.1 ಮಿ.ಮೀ. ಸಡಿಲ ಇದೆ ಅಂದುಕೊಳ್ಳಿ, ಕೂದಲಿನಷ್ಟು. 10 ಮಿ.ಮೀ. ಬಾಲದಲ್ಲಿ ಅಷ್ಟು ಸಡಿಲ ಇದ್ದರೆ 180 ಮಿ.ಮೀ. ಉದ್ದದ ತುಂಡಿನ ತುದಿಯಲ್ಲಿ 1.8 ಮಿ.ಮೀ. ಆಗುತ್ತದೆ. ಇದು ಒಂದು ಕೀಲಿನ ಲೆಕ್ಕ. ಸಾಲಾಗಿ ಎಲ್ಲ ಸೇರಿದರೆ ತುದಿ ಕೈಯಲ್ಲಿ ಲೊಡಲೊಡ ಆಡುತ್ತದೆ. ಆ ಅಜ್ಜ ಬೆರಳಿನಲ್ಲಿ ಅಳೆದಿದ್ದು ಈ ಮೊತ್ತವನ್ನೇ.

ಐದು ಮಡಿಕೆ ಬಿಸಿಲಿಗೆ, ತುಂತುರು ಮಳೆಗೆ ಸಾಕು. ಪುನರ್ವಸು ಮಳೆಯಲ್ಲಿ ಮಲೆನಾಡಿನ ರಸ್ತೆಯಲ್ಲಿ ನಡೆಯುವವರು ಮೂರಕ್ಕೇ ನಿಲ್ಲಿಸಿ. ಬ್ಯಾಗಿನಲ್ಲಿ 6 ಸೆಂ.ಮೀ. ಜಾಗ ಉಳಿಸಲು ಹೋಗಿ ನೆನೆಯುವುದು ಬೇಡ.

ಹಂತ 8: ಬಟ್ಟೆಯ ಎಸಳು

ಬಟ್ಟೆ ಎಂಟು ಎಸಳಿನದ್ದು. ಅದನ್ನು ನೇರ ತ್ರಿಕೋನ ಅಂದುಕೊಂಡು ಕತ್ತರಿಸಿದರೆ ಕೆಟ್ಟಿತು, ಯಾಕೆಂದರೆ ಛತ್ರಿ ಗುಮ್ಮಟ, ಚಪ್ಪಟೆ ತಟ್ಟೆಯಲ್ಲ. ಎಸಳಿನ ಎತ್ತರ 54 ಸೆಂ.ಮೀ., ಅಂಚಿನಲ್ಲಿ ಅಗಲ 36.7. ಈ ಅಂಚಿನ ಅಗಲ ಸಿಗುವುದು ಹೀಗೆ: ತೆರೆದ ಛತ್ರಿಯ ನಡುವಿನಿಂದ ಕಡ್ಡಿಯ ತುದಿಗೆ ಅಡ್ಡ ದೂರ 48, ಅದನ್ನು 0.765ರಿಂದ ಗುಣಿಸಿ. ಎಂಟು ಕಡ್ಡಿ ಇದ್ದರೆ ಯಾವಾಗಲೂ 0.765.

ನೆತ್ತಿಯಿಂದ 13.5 ಸೆಂ.ಮೀ. ಕೆಳಗೆ ಅಗಲ 10.2, 27ಕ್ಕೆ 20, 40.5ಕ್ಕೆ 29. ನೇರ ತ್ರಿಕೋನವಾಗಿದ್ದರೆ ನಡುವಿನಲ್ಲಿ 18.4 ಇರುತ್ತಿತ್ತು. ಅಂದರೆ ಎರಡೂ ಪಕ್ಕ ಎಂಟೆಂಟು ಮಿಲಿಮೀಟರ್ ಹೊರಗೆ ಉಬ್ಬಬೇಕು. ಈ ಚುಕ್ಕಿಗಳನ್ನು ರಟ್ಟಿನ ಮೇಲೆ ಹಾಕಿ, ಹಂಚಿಕಡ್ಡಿಯನ್ನು ಬಾಗಿಸಿ ಹಿಡಿದು ಗೆರೆ ಎಳೆಯಿರಿ. ಹೊಲಿಗೆಗೆ ಎರಡೂ ಕಡೆ ಬಟ್ಟೆ ಬಿಡುವುದು ಮರೆಯಬೇಡಿ. ಬಟ್ಟೆಯ ಎಳೆ, ಎಸಳಿನ ನಡುಗೆರೆಗೆ ನೇರವಾಗಿ ಓಡಬೇಕು, ಆಗ ಎರಡೂ ಹೊಲಿಗೆ ಒಂದೇ ರೀತಿ ಹಿಗ್ಗುತ್ತವೆ. ಬಿಗಿ ಬರಲು ಅಂಚಿನ ಅಗಲ 5 ಮಿ.ಮೀ. ಕಡಿಮೆ ಮಾಡಿ ಮೊದಲು ಹಳೆ ಸೀರೆಯ ತುಂಡಿನಲ್ಲಿ ಹೊಲಿದು ನೋಡಿ. ಸಡಿಲ ಅನ್ನಿಸಿದರೆ ಇನ್ನೂ ಸ್ವಲ್ಪ ಇಳಿಸಿ.

ಅಂದ ಹಾಗೆ, ಬಟ್ಟೆಯ ಚೀಟಿಯ ಮೇಲೆ 190ಟಿ ಅಂತ ಇದ್ದರೆ ಒಂದು ಚದರ ಇಂಚಿನಲ್ಲಿ ಉದ್ದ ಎಳೆ, ಅಡ್ಡ ಎಳೆ ಸೇರಿ 190 ಅಂತ ಅರ್ಥ. ನೀರು ನಿಲ್ಲಿಸುವುದು ಎಳೆಯ ಜೊತೆಗೆ ಅದರ ಮೇಲಿನ ಲೇಪ. ಸೋಪಿನ ಪುಡಿಯಲ್ಲಿ ತೊಳೆದರೆ ಹನಿ ಉರುಳದೆ ಬಟ್ಟೆಗೆ ಅಂಟಿಕೊಳ್ಳಲು ಶುರುವಾಗುತ್ತದೆ. ಬರೀ ನೀರು ಸಾಕು.

ಹಂತ 9: ಗಾಳಿಯ ಲೆಕ್ಕ

96 ಸೆಂ.ಮೀ. ಅಡ್ಡಳತೆಯ ಛತ್ರಿಯನ್ನು ಗಾಳಿಗೆ ಎದುರು ಹಿಡಿದರೆ ಗಂಟೆಗೆ 36 ಕಿ.ಮೀ. ಗಾಳಿಯಲ್ಲಿ ಅದರ ಮೇಲೆ ಬೀಳುವ ಬಲ ಹತ್ತಿರ ಹತ್ತಿರ 6 ಕೆ.ಜಿ. ತೂಕದಷ್ಟು. 72 ಕಿ.ಮೀ. ಆದರೆ ಇಮ್ಮಡಿಯಲ್ಲ, ನಾಲ್ಕು ಪಟ್ಟು, 25 ಕೆ.ಜಿ. ಆಸುಪಾಸು. ಒಂದು ಅಕ್ಕಿ ಮೂಟೆಯನ್ನು ಎಂಟು ಕಡ್ಡಿಗಳಿಗೆ ನೇತುಹಾಕಿದ ಹಾಗೆ. ಗಟ್ಟಿ ಮಾಡಿ ಇದನ್ನು ಗೆಲ್ಲಲು ಹೋದರೆ ಛತ್ರಿ ಎರಡು ಕೆ.ಜಿ. ತೂಗುತ್ತದೆ. ಬಗ್ಗಿ ಬಿಟ್ಟುಕೊಡುವುದೇ ದಾರಿ. ಅದಕ್ಕೇ ಹೊರತುಂಡಿಗೆ ಫೈಬರ್‌ಗ್ಲಾಸ್, ಅದಕ್ಕೇ ನೆತ್ತಿಯ ಬಳಿ ಎರಡು ಪದರ ಬಟ್ಟೆ ಇಟ್ಟು ನಡುವೆ ಗಾಳಿ ಹೋಗಲು ಕಿಂಡಿ.

ಛತ್ರಿ ತಿರುಗಿಬಿದ್ದರೆ ಕೈಯಿಂದ ಕಡ್ಡಿ ಹಿಡಿದು ಎಳೆಯಬೇಡಿ. ನಾನು ಹಾಗೆ ಎಳೆದೇ ಒಂದು ಒಳ್ಳೆ ಛತ್ರಿ ಕಳೆದುಕೊಂಡೆ. ಗಾಳಿಗೆ ಬೆನ್ನು ಮಾಡಿ, ಛತ್ರಿಯನ್ನು ನಿಮ್ಮ ಮೈಯ ಮರೆಗೆ ತಂದು, ರನ್ನರನ್ನು ನಿಧಾನವಾಗಿ ಕೆಳಗೆ ಎಳೆಯಿರಿ. ಎಷ್ಟೋ ಸಲ ಮುಚ್ಚಿಕೊಳ್ಳುತ್ತಾ ತಾನೇ ಸರಿಹೋಗುತ್ತದೆ.

ಹಂತ 10: ಮತ್ತೆ ಕಟ್ಟುವುದು

ಕಳಚಿದ ರಿವೆಟ್ ಇದ್ದರೆ ತಾಮ್ರದ ತಂತಿ ತೂರಿಸಿ, ಎರಡೂ ಕಡೆ 2 ಮಿ.ಮೀ. ಬಿಟ್ಟು ಕತ್ತರಿಸಿ, ತುದಿಗಳನ್ನು ಇಕ್ಕಳದಲ್ಲಿ ಅದುಮಿ ಅಗಲ ಮಾಡಿ. ಪೂರ್ತಿ ಬಿಗಿಯಬೇಡಿ. ಒಂದು ತೆಳು ಕಾಗದವನ್ನು ನಡುವೆ ಇಟ್ಟು ಅದುಮಿ, ಆಮೇಲೆ ಕಾಗದ ಎಳೆದುಬಿಡಿ. ಆ ಸಂದು ಕೀಲು ತಿರುಗಲು ಸಾಕು.

ಕಡ್ಡಿಯೇ ಮುರಿದಿದ್ದರೆ ಇನ್ನೊಂದು ಸತ್ತ ಛತ್ರಿಯಿಂದ ಅದೇ ಅಗಲದ 4 ಸೆಂ.ಮೀ. ತುಂಡು ತೆಗೆಯಿರಿ. ಮುರಿದ ಜಾಗದ ಮೇಲೆ ದೋಣಿಯೊಳಗೆ ದೋಣಿ ಕೂರುವಂತೆ ಇಟ್ಟು, ತೆಳು ತಂತಿಯನ್ನು ಒತ್ತೊತ್ತಾಗಿ ಸುತ್ತಿ. ಸುತ್ತಿದ ತುದಿ ಬಟ್ಟೆಯ ಕಡೆ ಬರಬಾರದು, ಒಂದೇ ವಾರದಲ್ಲಿ ತೂತು ಮಾಡುತ್ತದೆ.

ಪ್ರತಿ ಪಿನ್ನಿಗೂ ಸೂಜಿಯ ತುದಿಯಿಂದ ಒಂದೇ ಹನಿ ಎಣ್ಣೆ. ಜಾಸ್ತಿಯಾದರೆ ಬಟ್ಟೆಗೆ ಕಲೆ. ಬಟ್ಟೆ ಕಟ್ಟುವಾಗ ಮೊದಲು ನೆತ್ತಿ, ಆಮೇಲೆ ತುದಿಗಳು, ಕೊನೆಗೆ ನಡುವಿನ ಗಂಟುಗಳು. ತುದಿಗಳನ್ನು ಸಾಲಾಗಿ ಹಾಕಬೇಡಿ, ಎದುರು ಬದುರು ಹಾಕಿ, 1 ಆದ ಮೇಲೆ 5, ಆಮೇಲೆ 3, 7. ಹಾಗೆ ಮಾಡಿದರೆ ಬಿಗಿ ಸಮವಾಗಿ ಹರಡುತ್ತದೆ. ನಡುವಿನ ಗಂಟನ್ನು ಕೀಲಿನ ಮೇಲೆ ಹಾಕಬೇಡಿ. ದಾರ ಕೀಲಿನ ಸಂದಿಗೆ ಸಿಕ್ಕಿ ತುಂಡಾಗುತ್ತದೆ.

ಈಗ ತೆರೆಯಿರಿ. ಕಣ್ಣಿನ ಮಟ್ಟಕ್ಕೆ ಹಿಡಿದು ನಿಧಾನವಾಗಿ ತಿರುಗಿಸಿ, ಎಂಟು ತುದಿಗಳೂ ಒಂದೇ ಗೆರೆಯಲ್ಲಿ ಹೋಗುತ್ತವಾ ನೋಡಿ. ಒಂದು ತುದಿ ಕೆಳಗಿದ್ದರೆ ಆ ಕಡ್ಡಿಯ ತಂತಿ ಉದ್ದವಾಗಿದೆ ಅಥವಾ ಬಾಲದ ಕೊಕ್ಕೆ ಬಿಚ್ಚಿಕೊಂಡಿದೆ. ಇಪ್ಪತ್ತು ಸಲ ತೆರೆದು ಮುಚ್ಚಿ, ಮತ್ತೆ ನೋಡಿ. ಆಮೇಲೆ ಒಂದು ಚೊಂಬು ನೀರನ್ನು ನೆತ್ತಿಯ ಮೇಲೆ ಸುರಿಯಿರಿ. ಹನಿ ಒಳಗೆ ಬಂದರೆ ಅದು ಬಹುತೇಕ ನೆತ್ತಿಯ ಟೋಪಿಯ ಕೆಳಗಿನಿಂದಲೇ. ಟೋಪಿ ಬಿಚ್ಚಿ, ಸೈಕಲ್ ಟ್ಯೂಬಿನಿಂದ ರೂಪಾಯಿ ಅಗಲದ ರಬ್ಬರ್ ಕತ್ತರಿಸಿ, ನಡುವೆ ತೂತು ಮಾಡಿ ಅದರಡಿ ಹಾಕಿ ಬಿಗಿಯಿರಿ. ಒಣಗಿಸುವಾಗ ತೆರೆದೇ ನೆರಳಿನಲ್ಲಿಡಿ, ಹಿಡಿ ಮೇಲೆ, ನೆತ್ತಿ ಕೆಳಗೆ ಮಾಡಿ ಇಡಬೇಡಿ. ಹಾಗಿಟ್ಟರೆ ನೀರೆಲ್ಲ ನೆತ್ತಿಯ ಪಿನ್‌ಗಳ ಹತ್ತಿರ ನಿಂತು, ತುಕ್ಕು ಅಲ್ಲಿಂದಲೇ ಹಿಡಿಯುತ್ತದೆ.